ಬಾರ್‌ಬೆಲ್ ವ್ಯಾಯಾಮ: ಫಾರ್ಮ್ ತಿದ್ದಿಕೊಳ್ಳುವುದು, ತೂಕ ಏರಿಸುತ್ತಾ ಹೋಗುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಜಿಮ್‌ನಲ್ಲಿ ಎದುರು ಸಿಕ್ಕವರು, ಮೆಸೇಜ್ ಕಳಿಸುವವರು, ಓದುಗರು ತಿರುಗಿ ತಿರುಗಿ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಕೆಲವರು ಫಾರ್ಮ್ ಬಗ್ಗೆ, ಅಂದರೆ ಮೈಯನ್ನು ಸರಿಯಾಗಿ ಇಟ್ಟು ಎತ್ತುವ ರೀತಿಯ ಬಗ್ಗೆ ಕೇಳುತ್ತಾರೆ, ಇನ್ನು ಕೆಲವರು ತೂಕ ಏರುತ್ತಿಲ್ಲ ಅನ್ನುತ್ತಾರೆ. ನನ್ನ ಪ್ರಕಾರ ಎರಡೂ ಒಂದೇ ಪ್ರಶ್ನೆ. ಹೋದ ವಾರ 60 ಕೆ.ಜಿ. ಹೊತ್ತು ಪೂರ್ತಿ ಕೂತು ಎದ್ದಿರಿ, ಈ ವಾರ 65 ಕೆ.ಜಿ. ಹೊತ್ತು ಅರ್ಧ ಕೂತು ಎದ್ದಿರಿ ಅಂದುಕೊಳ್ಳಿ. ಮುಂದೆ ಹೋಗಿದ್ದೀರೋ ಹಿಂದೆ ಬಂದಿದ್ದೀರೋ ಹೇಳುವುದು ಹೇಗೆ? ಪ್ರತಿ ರೆಪ್ (ಒಂದು ಸಲ ಎತ್ತಿ ಇಳಿಸುವುದು) ಒಂದೇ ಥರ ಇದ್ದಾಗ ಮಾತ್ರ ಬರೆದಿಟ್ಟ ಕೆ.ಜಿ.ಗೆ ಬೆಲೆ.

## ಶುರು ಮಾಡುವವರಿಗೆ

ನಮ್ಮಜ್ಜ ಗರಡಿಯಲ್ಲಿ ದಂಡ, ಬಸ್ಕಿ ಹೊಡೆದೇ ಗಟ್ಟಿಯಾಗಿದ್ರು. ಬಾರ್‌ಬೆಲ್ ಯಾಕೆ ಬೇಕು?

ಗರಡಿ ಸಾಮು ಮಾಡಿದವರ ಮೈಕಟ್ಟು ನೋಡಿದವರು ಅದನ್ನು ತಳ್ಳಿಹಾಕಲಾರರು. ಆದರೆ ದಂಡ, ಬಸ್ಕಿಯಲ್ಲಿ ನೀವು ಎತ್ತುವುದು ನಿಮ್ಮದೇ ಮೈಭಾರ. ಅದು ಸುಲಭ ಆಯಿತು ಅಂದರೆ ಲೆಕ್ಕ ಏರಿಸಬೇಕು: 20 ಬಸ್ಕಿ 50 ಆಗುತ್ತೆ, 50 ನೂರಾಗುತ್ತೆ. ಒಂದು ಹಂತ ದಾಟಿದ ಮೇಲೆ ಅದು ದಮ್ಮನ್ನು ಬೆಳೆಸುತ್ತೆ, ಬಲವನ್ನು ಅಷ್ಟಾಗಿ ಅಲ್ಲ. ಬಾರ್‌ಬೆಲ್‌ನಲ್ಲಿ, ಅಂದರೆ ಎರಡೂ ತುದಿಗೆ ಪ್ಲೇಟ್ ಹಾಕುವ ಉದ್ದ ರಾಡ್‌ನಲ್ಲಿ, ಅದೇ 5 ರೆಪ್ ಇಟ್ಟುಕೊಂಡು ಭಾರವನ್ನು ಮಾತ್ರ ಸ್ವಲ್ಪ ಸ್ವಲ್ಪ ಏರಿಸಬಹುದು. 2.5 ಕೆ.ಜಿ., ಬೇಕಾದರೆ 1 ಕೆ.ಜಿ. ಅಷ್ಟು ಸಣ್ಣ ಮೆಟ್ಟಿಲು ಬೇರೆ ಕಡೆ ಸಿಗುವುದು ಕಷ್ಟ. ಕುಂದಾಪುರ ಕಡೆಯ ಗುರುರಾಜ ಪೂಜಾರಿ ಕುಸ್ತಿಯ ಆಸೆಯಿಂದ ಶುರು ಮಾಡಿ ವೇಟ್‌ಲಿಫ್ಟಿಂಗ್‌ಗೆ ಬಂದವರು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಗರಡಿಗೂ ಬಾರ್‌ಬೆಲ್‌ಗೂ ಜಗಳ ಇಲ್ಲ.

ಖಾಲಿ ರಾಡ್ ತೂಕ ಎಷ್ಟು? ಅದನ್ನೂ ಲೆಕ್ಕಕ್ಕೆ ಹಿಡೀಬೇಕಾ?

ಹಿಡಿಯಲೇಬೇಕು. ಸ್ಪರ್ಧೆಯ ವೇಟ್‌ಲಿಫ್ಟಿಂಗ್ ಬಾರ್ ಗಂಡಸರದ್ದು 20 ಕೆ.ಜಿ., ಹೆಂಗಸರದ್ದು 15 ಕೆ.ಜಿ. ನಮ್ಮ ಊರಿನ ಸಣ್ಣ ಜಿಮ್‌ಗಳಲ್ಲಿ ಇರುವ ತೆಳ್ಳನೆಯ ರಾಡ್ ಅದಕ್ಕಿಂತ ತುಂಬಾ ಹಗುರ ಇರಬಹುದು. ಊಹೆ ಬೇಡ. ಮನುಷ್ಯರು ತೂಕ ನೋಡಿಕೊಳ್ಳುವ ಮಷಿನ್ ಮೇಲೆ ಒಮ್ಮೆ ಸುಮ್ನೆ ನಿಂತು ನೋಡಿ, ಆಮೇಲೆ ರಾಡ್ ಹಿಡಿದು ನಿಂತು ನೋಡಿ, ಕಳೆಯಿರಿ. ಯಾವಾಗಲೂ ಅದೇ ರಾಡ್ ಬಳಸಿ. ಇಲ್ಲದಿದ್ದರೆ ನಿಮ್ಮ ಲೆಕ್ಕದ ಪುಸ್ತಕವೇ ಸುಳ್ಳು ಹೇಳುತ್ತೆ.

ಮೊದಲ ದಿನ ಏನೇನು ಮಾಡ್ಲಿ, ಎಷ್ಟು ತೂಕ ಹಾಕ್ಲಿ?

ಸ್ಕ್ವಾಟ್ (ರಾಡ್ ಹೆಗಲ ಮೇಲೆ ಹೊತ್ತು ಕೂತು ಏಳುವುದು), ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ರಾಡನ್ನು ಎದೆಯಿಂದ ಮೇಲಕ್ಕೆ ಒತ್ತುವುದು), ಡೆಡ್‌ಲಿಫ್ಟ್ (ನೆಲದಿಂದ ರಾಡ್ ಎತ್ತಿ ನೆಟ್ಟಗೆ ನಿಲ್ಲುವುದು), ನಿಂತು ಮಾಡುವ ಓವರ್‌ಹೆಡ್ ಪ್ರೆಸ್ (ರಾಡನ್ನು ತಲೆಯ ಮೇಲಕ್ಕೆ ಒತ್ತುವುದು), ರೋ (ಬಾಗಿ ನಿಂತು ರಾಡನ್ನು ಹೊಟ್ಟೆಯ ಕಡೆ ಎಳೆಯುವುದು). ಈ ಐದು ಸಾಕು. ವಾರಕ್ಕೆ 3 ದಿನ, ಮಧ್ಯೆ ಒಂದೊಂದು ದಿನ ಬಿಡುವು. ಒಂದೇ ದಿನ ಐದೂ ಬೇಡ, ಮೂರು ಮೂರರಂತೆ ಹಂಚಿಕೊಳ್ಳಿ. ಖಾಲಿ ರಾಡ್‌ನಿಂದ ಶುರು ಮಾಡಿ 5 ರೆಪ್, ಸ್ವಲ್ಪ ಪ್ಲೇಟ್ ಹಾಕಿ 5 ರೆಪ್. ರಾಡ್ ಮೇಲೆ ಬರುವ ವೇಗ ಕಡಿಮೆಯಾದ ಕೂಡಲೇ ನಿಲ್ಲಿಸಿ. ಆ ತೂಕದಲ್ಲಿ 3 ಸೆಟ್ (ಒಂದು ಸೆಟ್ ಅಂದರೆ ನಡುವೆ ನಿಲ್ಲಿಸದೆ ಮಾಡುವ 5 ರೆಪ್) ಮುಗಿಸಿ ಮನೆಗೆ ಹೋಗಿ. ಡೆಡ್‌ಲಿಫ್ಟ್‌ಗೆ ಮಾತ್ರ ಭಾರದ ಸೆಟ್ ಒಂದೇ ಸಾಕು. "ಇಷ್ಟು ಕಮ್ಮಿನಾ?" ಅನ್ನಿಸುತ್ತೆ. ಅನ್ನಿಸಲಿ. ಮೊದಲ ತಿಂಗಳು ಕಲಿಯುವುದಕ್ಕೆ ಇರುವುದು, ಪಕ್ಕದವನಿಗೆ ತೋರಿಸುವುದಕ್ಕಲ್ಲ.

ನನಗೆ 52 ವರ್ಷ. ಬಿಪಿ ಮಾತ್ರೆ ತಗೋತೀನಿ. ಈ ವಯಸ್ಸಲ್ಲಿ ಇದೆಲ್ಲ ಬೇಕಾ?

ಈ ವಯಸ್ಸಿನಲ್ಲೇ ಜಾಸ್ತಿ ಬೇಕು. ವಯಸ್ಸಾದಂತೆ ಮಾಂಸಖಂಡ ತಾನಾಗಿಯೇ ಕರಗುತ್ತಾ ಹೋಗುತ್ತೆ, ಮೂಳೆಯೂ ಸವೆಯುತ್ತೆ. ಭಾರ ಎತ್ತುವುದು ಎರಡಕ್ಕೂ ತಡೆ. ಆದರೆ ಉಸಿರು ಬಿಗಿಹಿಡಿದು ಭಾರ ಎತ್ತುವಾಗ ರಕ್ತದೊತ್ತಡ ಆ ಕ್ಷಣಕ್ಕೆ ತುಂಬಾ ಏರುತ್ತೆ. ಹಾಗಾಗಿ ಮೊದಲು ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ, ಬಿಪಿ ಹತೋಟಿಯಲ್ಲಿ ಇದೆ ಅಂತ ಖಚಿತ ಮಾಡಿಕೊಳ್ಳಿ. ಹರ್ನಿಯಾ, ಕಣ್ಣಿನ ಒಳಪದರದ ತೊಂದರೆ, ಇತ್ತೀಚಿನ ಆಪರೇಷನ್ ಇದ್ದವರೂ ಅಷ್ಟೇ. ಒಪ್ಪಿಗೆ ಸಿಕ್ಕ ಮೇಲೆ 8–10 ರೆಪ್ ಮಾಡಬಹುದಾದ ಹಗುರ ತೂಕ ಇಟ್ಟುಕೊಂಡು, ಎತ್ತುವಾಗ ನಿಧಾನಕ್ಕೆ ಉಸಿರು ಬಿಡುತ್ತಾ ಮಾಡಿ. ತೂಕವನ್ನು ವಾರಕ್ಕೊಮ್ಮೆ ಏರಿಸಿದರೆ ಸಾಕು.

ಹೆಣ್ಣುಮಕ್ಕಳು ಭಾರ ಎತ್ತಿದ್ರೆ ಗಂಡಸರ ಥರ ಆಗ್ತಾರಂತೆ, ನಿಜಾನಾ?

ಇಲ್ಲ. ಮೀರಾಬಾಯಿ ಚಾನು ಅವರನ್ನು ನೋಡಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 49 ಕೆ.ಜಿ. ವಿಭಾಗದಲ್ಲಿ 115 ಕೆ.ಜಿ. ತಲೆಯ ಮೇಲೆ ಎತ್ತಿ ಬೆಳ್ಳಿ ಗೆದ್ದರು. ತಮ್ಮ ಮೈತೂಕದ ಎರಡು ಪಟ್ಟಿಗಿಂತ ಹೆಚ್ಚು, ಆದರೂ 49 ಕೆ.ಜಿ. ಒಳಗೇ ಇದ್ದರು. ಒಲಿಂಪಿಕ್ಸ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಕರ್ಣಂ ಮಲ್ಲೇಶ್ವರಿ ಕೂಡ ವೇಟ್‌ಲಿಫ್ಟರ್, 2000ದಲ್ಲಿ ಸಿಡ್ನಿಯಲ್ಲಿ. ಹೆಂಗಸರ ಮೈಯಲ್ಲಿ ಟೆಸ್ಟೊಸ್ಟೆರಾನ್ ತೀರಾ ಕಡಿಮೆ, ಹಾಗಾಗಿ ಅಷ್ಟು ಸುಲಭಕ್ಕೆ ದಪ್ಪ ಮಾಂಸಖಂಡ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಗ್ಯಾಸ್ ಸಿಲಿಂಡರ್ ಸರಿಸುವುದು, ನೀರಿನ ಬಿಂದಿಗೆ ಎತ್ತುವುದು ಹೆಂಗಸರೇ. ಅದನ್ನು ಬೆನ್ನು ಉಳುಕದ ಹಾಗೆ ಮಾಡುವ ಬಲ ಬಂದರೆ ಬೇಡ ಅನ್ನೋರು ಯಾರು?

## ಫಾರ್ಮ್ ಬಗ್ಗೆ

ನಮ್ಮ ಜಿಮ್‌ನಲ್ಲಿ ಹೇಳಿಕೊಡೋರು ಇಲ್ಲ. ಫಾರ್ಮ್ ಸರಿ ಇದೆ ಅಂತ ನನಗೆ ಹೇಗೆ ಗೊತ್ತಾಗುತ್ತೆ?

ಕನ್ನಡಿ ನಂಬಬೇಡಿ. ಅದು ಎದುರಿನಿಂದ ಮಾತ್ರ ತೋರಿಸುತ್ತೆ, ತಪ್ಪುಗಳು ಕಾಣುವುದು ಬದಿಯಿಂದ. ಫೋನನ್ನು ಸೊಂಟದ ಎತ್ತರಕ್ಕೆ, ಪೂರ್ತಿ ಬದಿಗೆ, ರಾಡ್ ತುದಿಯಿಂದ ಪಾದದವರೆಗೆ ಎಲ್ಲಾ ಕಾಣುವ ಹಾಗೆ ಇಡಿ. ಭಾರದ ಸೆಟ್ ಒಂದನ್ನು ವಿಡಿಯೋ ಮಾಡಿ.

ನೋಡಬೇಕಾದ್ದು ಮುಖ್ಯವಾಗಿ ಒಂದೇ: ರಾಡ್ ಪಾದದ ನಡುಭಾಗದ ಮೇಲೆಯೇ ಇದೆಯಾ? ಸ್ಕ್ವಾಟ್, ಡೆಡ್‌ಲಿಫ್ಟ್, ಓವರ್‌ಹೆಡ್ ಪ್ರೆಸ್ ಮೂರರಲ್ಲೂ ರಾಡ್ ಸುಮಾರಾಗಿ ನೇರ ಗೆರೆಯಲ್ಲಿ ಮೇಲೆ ಕೆಳಗೆ ಹೋಗಬೇಕು. ಬೆರಳುಗಳ ಕಡೆಗೆ ಜಾರಿದರೆ ಹಿಮ್ಮಡಿ ಏಳುತ್ತೆ, ಬೆನ್ನಿನ ಮೇಲೆ ಭಾರ ಬೀಳುತ್ತೆ. ವಿಡಿಯೋ ನೋಡಿ ಒಂದೇ ತಪ್ಪು ಆರಿಸಿಕೊಳ್ಳಿ. ಮುಂದಿನ ಸೆಟ್‌ನಲ್ಲಿ ಅದೊಂದನ್ನೇ ತಿದ್ದಿ. ಮಂಡಿ, ಎದೆ, ಮೊಣಕೈ, ಉಸಿರು ಎಲ್ಲಾ ಒಟ್ಟಿಗೆ ನೆನಪಿಟ್ಟುಕೊಂಡು ಎತ್ತಲು ಹೋದವರು ಒಂದನ್ನೂ ಸರಿ ಮಾಡುವುದಿಲ್ಲ.

ಸ್ಕ್ವಾಟ್‌ನಲ್ಲಿ ಮಂಡಿ ಕಾಲ್ಬೆರಳು ದಾಟಬಾರದಂತೆ. ಎಷ್ಟು ಕೆಳಗೆ ಕೂರಬೇಕು?

ದಾಟಬಾರದು ಅನ್ನುವುದು ಹಳೇ ನಂಬಿಕೆ. ಉದ್ದ ತೊಡೆ ಇರುವವರ ಮಂಡಿ ದಾಟಿಯೇ ದಾಟುತ್ತೆ, ತಪ್ಪೇನಿಲ್ಲ. ಮಂಡಿ ಒಳಕ್ಕೆ ವಾಲಬಾರದು, ಪಾದದ ಬೆರಳು ತೋರುವ ದಿಕ್ಕಿಗೇ ಹೋಗಬೇಕು. ಹಿಮ್ಮಡಿ ನೆಲ ಬಿಡಬಾರದು. ಆಳದ ವಿಷಯಕ್ಕೆ ಬಂದರೆ, ತೊಡೆಸಂದು ಮಂಡಿಯ ಮೇಲ್ಭಾಗಕ್ಕಿಂತ ಸ್ವಲ್ಪ ಕೆಳಗೆ ಬಂದರೆ ಸಾಕು. ಆಳ ಹೋದಾಗ ಕೆಳಬೆನ್ನು ಒಳಕ್ಕೆ ಸುತ್ತಿಕೊಳ್ಳುತ್ತಿದ್ದರೆ ಕಾಲು ಇನ್ನೊಂದಿಷ್ಟು ಅಗಲ ಮಾಡಿ, ಬೆರಳು ಹೊರಕ್ಕೆ ತಿರುಗಿಸಿ. ಬಹುಪಾಲು ಜನರಿಗೆ ಅಷ್ಟಕ್ಕೇ ಸರಿಹೋಗುತ್ತೆ.

ಸ್ಕ್ವಾಟ್‌ನಿಂದ ಏಳುವಾಗ ಸೊಂಟ ಮೊದಲು ಮೇಲೆ ಹೋಗುತ್ತೆ, ಎದೆ ಕೆಳಗೇ ಉಳಿಯುತ್ತೆ. ಏನು ಮಾಡ್ಲಿ?

ಕೆಳಗಿನಿಂದ ಏಳುವ ಮೊದಲ ಒಂದು ಗೇಣನ್ನು ನಿಧಾನಗತಿಯಲ್ಲಿ ನೋಡಿ. ಸೊಂಟ ಮೇಲಕ್ಕೆ ಚಿಮ್ಮುತ್ತೆ, ಮಂಡಿ ಹಿಂದಕ್ಕೆ ಸರಿಯುತ್ತೆ, ರಾಡ್ ಮಾತ್ರ ಇದ್ದಲ್ಲೇ ಇರುತ್ತೆ. ಅಂದರೆ ತೊಡೆ ಮಾಡಬೇಕಿದ್ದ ಕೆಲಸವನ್ನು ಬೆನ್ನಿಗೆ ಹಸ್ತಾಂತರ ಮಾಡಿದ್ದೀರಿ. ಕಾರಣ ಸಾಮಾನ್ಯವಾಗಿ ಇಳಿಯುವಾಗಲೇ ಇರುತ್ತೆ: ಭರ್ರನೆ ಬಿದ್ದು, ಮೈ ಸಡಿಲ ಬಿಟ್ಟು, ಕೆಳಗೆ ಹೋಗಿ ಮತ್ತೆ ಬಿಗಿ ಮಾಡಲು ನೋಡುತ್ತೀರಿ. 10 ಶೇಕಡ ತೂಕ ಇಳಿಸಿ. ಕೆಳಗೆ ಹೋಗಿ ಎರಡು ಎಣಿಸುವಷ್ಟು ಹೊತ್ತು ಬಿಗಿಯಾಗಿ ನಿಲ್ಲಿ. ಆಮೇಲೆ ಹೆಗಲಿನಿಂದ ರಾಡನ್ನು ಹಿಂದಕ್ಕೆ ಒತ್ತುತ್ತಾ ಏಳಿ. ಮೂರ್ನಾಲ್ಕು ವಾರ ಹೀಗೆ ಮಾಡಿದವರಲ್ಲಿ ವ್ಯತ್ಯಾಸ ಕಂಡಿದ್ದೇನೆ. ಆಮೇಲೂ ಹೋಗದಿದ್ದರೆ ತೂಕವೇ ಜಾಸ್ತಿ ಇದೆ ಅಂತ ಅರ್ಥ.

ಡೆಡ್‌ಲಿಫ್ಟ್ ಮಾಡಿದ್ರೆ ಬೆನ್ನು ಹೋಗುತ್ತೆ ಅಂತ ಮನೇಲಿ ಹೆದರಿಸ್ತಾರೆ

ನೆಲದಿಂದ ಭಾರ ಎತ್ತುವುದನ್ನು ನಾವು ಹೇಗಿದ್ದರೂ ದಿನಾ ಮಾಡುತ್ತೇವೆ. ಕಲಿತು ಮಾಡುವುದು ಕಲಿಯದೆ ಮಾಡುವುದಕ್ಕಿಂತ ಒಳ್ಳೇದು, ಅಲ್ವಾ? ಬೆನ್ನಿಗೆ ತೊಂದರೆ ಆಗುವುದು ಬಹುತೇಕ ಎರಡು ಕಡೆ. ರಾಡ್ ಮೈಯಿಂದ ದೂರ ಇದ್ದಾಗ ಒಂದು, ಅದನ್ನು ಜಗ್ಗಿ ಎಳೆದಾಗ ಇನ್ನೊಂದು.

ಸಿದ್ಧತೆಯನ್ನು ಬಿಡಿಸಿ ಹೇಳುತ್ತೇನೆ. ರಾಡ್ ಹತ್ತಿರ ನಿಂತು ಕೆಳಗೆ ನೋಡಿ. ರಾಡ್ ನಿಮ್ಮ ಶೂ ಲೇಸಿನ ಗಂಟಿನ ಮೇಲೆ, ಪಾದದ ನಡುವೆ ಇರಬೇಕು, ಮಂಡಿ ಕೆಳಗಿನ ಎಲುಬಿನಿಂದ ಸುಮಾರು ಎರಡು ಬೆರಳು ದೂರ. ಕಾಲು ಸೊಂಟದಷ್ಟು ಅಗಲ. ಮಂಡಿ ಬಗ್ಗಿಸದೆ ಬಾಗಿ ರಾಡ್ ಹಿಡಿಯಿರಿ. ಈಗ ಮಂಡಿಯನ್ನು ಮುಂದಕ್ಕೆ ತಂದು ಎಲುಬನ್ನು ರಾಡಿಗೆ ತಾಗಿಸಿ, ರಾಡ್ ಮಾತ್ರ ಅಲುಗಾಡಬಾರದು. ಇಲ್ಲೇ ತುಂಬಾ ಜನ ತಪ್ಪು ಮಾಡುವುದು: ರಾಡನ್ನು ಉರುಳಿಸಿಬಿಡುತ್ತಾರೆ, ಸೊಂಟವನ್ನು ತೀರಾ ಕೆಳಗಿಳಿಸುತ್ತಾರೆ. ಸೊಂಟ ಇದ್ದಲ್ಲೇ ಇರಲಿ. ಎದೆ ಮೇಲೆತ್ತಿ, ಬೆನ್ನು ನೇರ ಮಾಡಿ. ಕಂಕುಳಲ್ಲಿ ಪೇಪರ್ ಇಟ್ಟುಕೊಂಡು ಬೀಳದ ಹಾಗೆ ಒತ್ತಿ ಹಿಡಿದಷ್ಟು ಬಿಗಿ ಇರಲಿ. ಉಸಿರು ತುಂಬಿಕೊಳ್ಳಿ.

ಈಗಲೇ ಎತ್ತಬೇಡಿ. ಮೊದಲು ರಾಡನ್ನು ಅಷ್ಟೇ ಅಷ್ಟು ಎಳೆಯಿರಿ. ಪ್ಲೇಟ್ ತೂತಿನಲ್ಲಿ ರಾಡ್ ತಾಗಿದ "ಟಕ್" ಸದ್ದು ಕೇಳುತ್ತೆ. ಕೈ, ಬೆನ್ನು, ರಾಡ್ ಎಲ್ಲಾ ಬಿಗಿ ಆಯಿತು ಅಂತ ಅದರ ಅರ್ಥ. ಆಮೇಲೆ ಕಾಲಿನಿಂದ ನೆಲವನ್ನು ಒತ್ತಿ. ರಾಡ್ ಕಾಲಿಗೆ ಸವರಿಕೊಂಡೇ ಮೇಲೆ ಬರಬೇಕು. ಮೇಲೆ ಬಂದಾಗ ನೆಟ್ಟಗೆ ನಿಲ್ಲಿ ಸಾಕು, ಹಿಂದಕ್ಕೆ ಬಾಗಬೇಡಿ.

ಇನ್ನೊಂದು ವಿಷಯ. ಸ್ಪರ್ಧೆಯ ದೊಡ್ಡ ಪ್ಲೇಟ್ 45 ಸೆಂ.ಮೀ. ಅಗಲ ಇರುತ್ತೆ, ಅಂದರೆ ರಾಡ್ ನೆಲದಿಂದ 22.5 ಸೆಂ.ಮೀ. ಎತ್ತರ. ಸಣ್ಣ ಪ್ಲೇಟ್ ಹಾಕಿದರೆ ರಾಡ್ ಇನ್ನೂ ಕೆಳಗೆ ಕೂರುತ್ತೆ, ಬೆನ್ನು ಬಾಗದೆ ವಿಧಿಯಿಲ್ಲ. ಹಾಗಿದ್ದಾಗ ಎರಡೂ ಕಡೆ ಹಲಗೆಯನ್ನೋ ಪ್ಲೇಟ್‌ಗಳನ್ನೋ ಇಟ್ಟು ರಾಡನ್ನು ಆ ಎತ್ತರಕ್ಕೆ ತನ್ನಿ.

ಬೆಂಚ್ ಪ್ರೆಸ್ ಮಾಡುವಾಗ ಭುಜದ ಮುಂದೆ ಚುಚ್ಚಿದ ಹಾಗಾಗುತ್ತೆ

ಮೊಣಕೈ ನೋಡಿಕೊಳ್ಳಿ. ಮೈಗೆ ನೇರ ಅಡ್ಡಕ್ಕೆ, 90 ಡಿಗ್ರಿ ಚಾಚಿದ್ದರೆ ಭುಜದ ಮೇಲೆ ಒತ್ತಡ ಬೀಳುತ್ತೆ. ಸ್ವಲ್ಪ ಒಳಕ್ಕೆ ತನ್ನಿ, 45ರಿಂದ 70 ಡಿಗ್ರಿ ಒಳಗೆ. ರಾಡ್ ಎತ್ತುವ ಮುನ್ನ ಎರಡೂ ಭುಜಗಳನ್ನು ಹಿಂದಕ್ಕೂ ಕೆಳಕ್ಕೂ ಎಳೆದು ಬೆಂಚಿಗೆ ಒತ್ತಿಟ್ಟುಕೊಳ್ಳಿ, ಸೆಟ್ ಮುಗಿಯುವವರೆಗೆ ಬಿಡಬೇಡಿ. ರಾಡ್ ಕುತ್ತಿಗೆ ಕಡೆಗಲ್ಲ, ಎದೆಯ ಕೆಳಭಾಗಕ್ಕೆ ಇಳಿಯಲಿ. ಹೆಬ್ಬೆರಳು ರಾಡನ್ನು ಸುತ್ತಿರಲೇಬೇಕು. ಹೆಬ್ಬೆರಳು ಬಿಟ್ಟು ಹಿಡಿದಾಗ ರಾಡ್ ಜಾರಿದರೆ ಅದು ಬೀಳುವುದು ಎದೆಯ ಮೇಲೆ.

ಒಬ್ಬರೇ ಮಾಡುತ್ತಿದ್ದರೆ ರಾಕ್‌ನ (ರಾಡ್ ಇಡುವ ಕಬ್ಬಿಣದ ಚೌಕಟ್ಟು) ಒಳಗೆ ಸೇಫ್ಟಿ ಪಿನ್ (ರಾಡ್ ಬಿದ್ದರೆ ತಡೆಯುವ ಅಡ್ಡ ಸರಳು) ಹಾಕಿಕೊಂಡು ಮಾಡಿ. ಪಿನ್ ಇಲ್ಲದ ಬೆಂಚ್ ಆದರೆ ರಾಡ್ ತುದಿಗೆ, ಪ್ಲೇಟ್ ಜಾರದಂತೆ ಹಿಡಿಯುವ ಕ್ಲಿಪ್ ಹಾಕಬೇಡಿ. ಏಳಲಿಲ್ಲ ಅಂದರೆ ಒಂದು ಕಡೆ ವಾಲಿಸಿ ಪ್ಲೇಟ್ ಬೀಳಿಸಬಹುದು. ಸದ್ದಾಗುತ್ತೆ, ಆಗಲಿ.

ಉಸಿರು ಯಾವಾಗ ತಗೋಬೇಕು, ಯಾವಾಗ ಬಿಡಬೇಕು? ಬೆಲ್ಟ್ ಬೇಕಾ?

ಭಾರ ಇದ್ದಾಗ: ಇಳಿಯುವ ಮೊದಲು ಹೊಟ್ಟೆಗೆ ಉಸಿರು ತುಂಬಿ, ಯಾರೋ ಹೊಟ್ಟೆಗೆ ಗುದ್ದಲು ಬರುತ್ತಿದ್ದಾರೆ ಅನ್ನುವಂತೆ ಬಿಗಿ ಹಿಡಿಯಿರಿ. ಎತ್ತಿ ಮುಗಿದ ಮೇಲೆ ಬಿಡಿ. ಪ್ರತಿ ರೆಪ್‌ಗೆ ಹೊಸ ಉಸಿರು. ಬೆಲ್ಟ್ ಮಾಡುವುದು ಇದೇ ಕೆಲಸ, ಹೊಟ್ಟೆಗೆ ಒತ್ತಲು ಒಂದು ಗೋಡೆ ಕೊಡುತ್ತೆ. ಬರಿ ಹೊಟ್ಟೆಯಲ್ಲಿ ಬಿಗಿ ಹಿಡಿಯಲು ಬಾರದವರಿಗೆ ಬೆಲ್ಟ್‌ನಿಂದ ಉಪಯೋಗ ಇಲ್ಲ. ದುಡ್ಡಿದ್ದರೆ ಮೊದಲು ಗಟ್ಟಿ ಅಟ್ಟೆಯ ಶೂ ತಗೊಳ್ಳಿ. ಓಡುವ ಶೂಗಳ ಮೆತ್ತನೆ ಅಟ್ಟೆ ಭಾರದಡಿ ಅಲುಗಾಡುತ್ತೆ.

## ತೂಕ ಏರಿಸುವ ಬಗ್ಗೆ

ಯಾವಾಗ, ಎಷ್ಟು ಏರಿಸಬೇಕು?

ಹೊಸಬರಾಗಿದ್ದರೆ ಪ್ರತಿ ಸಲ. 3 ಸೆಟ್, 5 ರೆಪ್ ಪೂರ್ತಿ ಆಯಿತಾ, ಮುಂದಿನ ಸಲ 2.5 ಕೆ.ಜಿ. ಸೇರಿಸಿ. ಡೆಡ್‌ಲಿಫ್ಟ್‌ಗೆ ಮೊದಮೊದಲು 5 ಕೆ.ಜಿ. ಓವರ್‌ಹೆಡ್ ಪ್ರೆಸ್‌ಗೆ 2.5 ಕೂಡ ಬೇಗ ಜಾಸ್ತಿ ಆಗುತ್ತೆ. ಅರ್ಧ ಕೆ.ಜಿ.ಯ ಎರಡು ಸಣ್ಣ ಪ್ಲೇಟ್ ಕೊಂಡು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ನನಗೆ ಕೇಳಿದರೆ ಜಿಮ್‌ಗೆ ಅಂತ ಕೊಳ್ಳುವ ಸಾಮಾನಿನಲ್ಲಿ ಇಷ್ಟು ಉಪಯೋಗದ್ದು ಇನ್ನೊಂದಿಲ್ಲ.

ಪುಸ್ತಕದಲ್ಲಿ ಬರೆಯಿರಿ. ದಿನಾಂಕ, ತೂಕ, ರೆಪ್, ಮತ್ತು ಒಂದು ಸಾಲು ಫಾರ್ಮ್ ಬಗ್ಗೆ: "ಸ್ಕ್ವಾಟ್ 62.5, 5-5-5, ಕೊನೆ ರೆಪ್ ಎಡ ಮಂಡಿ ಒಳಕ್ಕೆ." ಆ ಕೊನೆಯ ಸಾಲು ಇಲ್ಲದ ಪುಸ್ತಕ ಅರ್ಧ ಕಥೆ ಮಾತ್ರ ಹೇಳುತ್ತೆ.

ಸೆಟ್ ಮಧ್ಯೆ 1 ನಿಮಿಷ ಮಾತ್ರ ಬಿಡುವು ತಗೋಬೇಕು ಅಂತಾರೆ ಟ್ರೈನರ್

ಬಲ ಬೆಳೆಸಬೇಕಿದ್ದರೆ 3ರಿಂದ 5 ನಿಮಿಷ. 1 ನಿಮಿಷದಲ್ಲಿ ಏದುಸಿರು ಇಳಿದಿರುವುದೇ ಇಲ್ಲ.

ಬೆಂಚ್ 60 ಕೆ.ಜಿ.ಯಲ್ಲೇ 3 ವಾರದಿಂದ ನಿಂತಿದೆ

ಮೊದಲು ಜಿಮ್ ಹೊರಗಿನದನ್ನು ನೋಡಿ. ರಾತ್ರಿ 7–8 ಗಂಟೆ ನಿದ್ದೆ ಆಗುತ್ತಿದೆಯಾ? ಮೈತೂಕ ಇಳಿಸಲು ಊಟ ಕಮ್ಮಿ ಮಾಡಿದ್ದೀರಾ? ಹಾಗಿದ್ದರೆ ಉತ್ತರ ಅಲ್ಲೇ ಇದೆ. ಅದೆಲ್ಲಾ ಸರಿ ಇದ್ದು, ಒಂದೇ ತೂಕದಲ್ಲಿ ಮೂರು ಸಲ ಸೋತಿದ್ದರೆ 10 ಶೇಕಡ ಇಳಿಸಿ. 60 ಇದ್ದದ್ದು 54ಕ್ಕೆ ಬರಲಿ. ಅಲ್ಲಿಂದ ಪ್ರತಿ ಸಲ 1 ಕೆ.ಜಿ. ಏರಿಸುತ್ತಾ ಬನ್ನಿ. ಹಗುರ ಇರುವ ಆ ಎರಡು ವಾರದಲ್ಲಿ ಪ್ರತಿ ರೆಪ್‌ನಲ್ಲೂ ರಾಡನ್ನು ಎದೆಯ ಮೇಲೆ ಒಂದು ಕ್ಷಣ ನಿಲ್ಲಿಸಿ ಎತ್ತಿ. ಎದೆಗೆ ಬಡಿದು ಪುಟಿಸುವ ಚಾಳಿ ಇದ್ದರೆ ಅದು ಹೋಗುತ್ತೆ. ಮತ್ತೆ 60ಕ್ಕೆ ಬಂದಾಗ ಅದು ಬೇರೆಯೇ 60 ಆಗಿರುತ್ತೆ.

ನಾನು ಸಸ್ಯಾಹಾರಿ. ಪ್ರೋಟೀನ್ ಪೌಡರ್ ಇಲ್ಲದೆ ಆಗುತ್ತಾ?

ಆಗುತ್ತೆ, ಲೆಕ್ಕ ಇಟ್ಟರೆ. ದಿನಕ್ಕೆ ಮೈತೂಕದ ಪ್ರತಿ ಕೆ.ಜಿ.ಗೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. 70 ಕೆ.ಜಿ. ಇದ್ದವರಿಗೆ 112 ಗ್ರಾಂ. ಒಣ ಸೋಯಾ ಚಂಕ್ಸ್ 50 ಗ್ರಾಂನಲ್ಲಿ ಸುಮಾರು 26, ಅರ್ಧ ಲೀಟರ್ ಹಾಲಿನಲ್ಲಿ 16, ಬೇಳೆ ಕಾಳು 100 ಗ್ರಾಂನಲ್ಲಿ 22, ಪನೀರ್ 100 ಗ್ರಾಂನಲ್ಲಿ 18 ಗ್ರಾಂ ಸಿಗುತ್ತೆ. ಉಳಿದದ್ದು ಅನ್ನ, ಮುದ್ದೆ, ಚಪಾತಿ, ಕಡಲೆಕಾಯಿಯಿಂದ ಬರುತ್ತೆ. ಮುದ್ದೆ ತಿಂದರೆ ಬಲ ಅನ್ನುವುದು ಶ್ರಮಕ್ಕೆ ಬೇಕಾದ ಶಕ್ತಿಯ ವಿಷಯದಲ್ಲಿ ಸರಿ, ಆದರೆ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಅಷ್ಟೇ. ನೀರು ಸಾರಿನ ಬದಲು ಬಸ್ಸಾರಿನ ಕಾಳು ಜಾಸ್ತಿ ಬಡಿಸಿಕೊಳ್ಳಿ.

ಹಬ್ಬಕ್ಕೆ ಊರಿಗೆ ಹೋಗಿ 2 ವಾರ ಬಿಟ್ಟೆ. ಮತ್ತೆ ಮೊದಲಿಂದ ಶುರು ಮಾಡ್ಬೇಕಾ?

ಬೇಡ. ಎರಡು ವಾರದಲ್ಲಿ ಬಲ ಅಷ್ಟೇನೂ ಹೋಗಿರುವುದಿಲ್ಲ. 10 ಶೇಕಡ ಕಡಿಮೆ ಇಟ್ಟು ಶುರು ಮಾಡಿ. ಸೆಟ್ ಕೂಡ ಒಂದು ಕಮ್ಮಿ ಮಾಡಿ, ಇಲ್ಲದಿದ್ದರೆ ಮರುದಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಆ ಮೈಕೈ ನೋವು ಒಂದೆರಡು ದಿನ ಜೋರಾಗಿದ್ದು, ಮೂರನೇ ದಿನದ ಹೊತ್ತಿಗೆ ಇಳಿಯುತ್ತೆ. ಹೆದರಬೇಕಾದ್ದು ಬೇರೆ ನೋವಿಗೆ: ಕೀಲಿನಲ್ಲಿ ಚುಚ್ಚುವ ನೋವು, ಬೆನ್ನಿನಿಂದ ಕಾಲಿಗೆ ಇಳಿಯುವ ನೋವು, ಜೋಮು. ಅದು ಬಂದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

## ಸ್ವಲ್ಪ ಮುಂದೆ ಹೋದವರಿಗೆ

ಈಗ ಪ್ರತಿ ಸಲ ಏರಿಸೋಕೆ ಆಗ್ತಾನೇ ಇಲ್ಲ. ಮುಂದೇನು?

ಹೊಸಬರ ಹಂತ ಮುಗಿಯಿತು ಅಂತ ಅರ್ಥ. ಇನ್ನು ಮೆಟ್ಟಿಲು ವಾರಕ್ಕೊಂದು. ಉದಾಹರಣೆಗೆ ಸ್ಕ್ವಾಟ್: ಸೋಮವಾರ 90 ಕೆ.ಜಿ. 5 ಸೆಟ್ 5 ರೆಪ್, ಬುಧವಾರ ಹಗುರಕ್ಕೆ 70 ಕೆ.ಜಿ. 2 ಸೆಟ್, ಶುಕ್ರವಾರ 100 ಕೆ.ಜಿ. ಒಂದೇ ಸೆಟ್ 5 ರೆಪ್. ಮುಂದಿನ ವಾರ ಸೋಮವಾರ ಮತ್ತು ಶುಕ್ರವಾರದ ತೂಕಕ್ಕೆ 2.5 ಸೇರಿಸಿ. ಬುಧವಾರದ ಹಗುರ ದಿನವನ್ನು ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಫಾರ್ಮ್ ತಿದ್ದಲು ಅದೇ ಒಳ್ಳೇ ದಿನ.

ಭಾರ ಏರಿದ ಕೂಡಲೇ ಫಾರ್ಮ್ ಸ್ವಲ್ಪ ಕೆಡುತ್ತೆ. ಎಷ್ಟು ಕೆಟ್ಟರೆ ನಿಲ್ಲಿಸಬೇಕು?

ಭಾರ ಏರಿದಾಗ ರಾಡ್ ನಿಧಾನ ಆಗುವುದು ಸಹಜ. ಮೊದಲ ರೆಪ್‌ಗೂ ಐದನೇ ರೆಪ್‌ಗೂ ವೇಗದಲ್ಲಿ ಮಾತ್ರ ವ್ಯತ್ಯಾಸ ಇದ್ದರೆ ಸರಿ. ಆಕಾರ ಬದಲಾದರೆ, ಅಂದರೆ ಆಳ ಕಮ್ಮಿ ಆಯಿತು, ಬೆನ್ನು ದುಂಡಗಾಯಿತು, ರಾಡ್ ಮುಂದಕ್ಕೆ ಹೋಯಿತು ಅಂದರೆ ಆ ಸೆಟ್ ಅಲ್ಲಿಗೇ ನಿಲ್ಲಿಸಿ. ಆ ರೆಪ್ ಲೆಕ್ಕಕ್ಕೆ ಹಿಡಿಯಬೇಡಿ. ದಿನನಿತ್ಯದ ಸೆಟ್‌ಗಳನ್ನು ಇನ್ನೂ ಒಂದೆರಡು ರೆಪ್ ಆಗುತ್ತಿತ್ತು ಅನ್ನುವಾಗಲೇ ಮುಗಿಸುವುದು ಒಳ್ಳೇದು.

ಒಂದೇ ಸಲಕ್ಕೆ ಎಷ್ಟು ಎತ್ತಬಲ್ಲೆ ಅಂತ ಎತ್ತಿ ನೋಡದೆ ತಿಳಿಯಬಹುದಾ?

ಅಂದಾಜು ಸಿಗುತ್ತೆ. ರೆಪ್‌ಗಳನ್ನು 30ರಿಂದ ಭಾಗಿಸಿ, 1 ಕೂಡಿಸಿ, ತೂಕದಿಂದ ಗುಣಿಸಿ. 80 ಕೆ.ಜಿ.ಯನ್ನು ಹೆಚ್ಚೆಂದರೆ 5 ಸಲ ಎತ್ತಬಲ್ಲಿರಾದರೆ ಸುಮಾರು 93 ಕೆ.ಜಿ. 10 ರೆಪ್ ದಾಟಿದ ಲೆಕ್ಕಕ್ಕೆ ಇದನ್ನು ನಂಬಬೇಡಿ.

ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಹೋಗಬೇಕು ಅಂತ ಆಸೆ. ಜಿಮ್‌ನಲ್ಲಿ ಎತ್ತಿದಷ್ಟೇ ಅಲ್ಲಿ ಎತ್ತಬಹುದಾ?

ನಿಯಮದ ಪ್ರಕಾರ ಅಭ್ಯಾಸ ಮಾಡಿದ್ದರೆ ಎತ್ತಬಹುದು. ಸ್ಕ್ವಾಟ್, ಬೆಂಚ್, ಡೆಡ್‌ಲಿಫ್ಟ್ ಒಂದೊಂದಕ್ಕೂ ಮೂರು ಅವಕಾಶ. ಮೂವರು ರೆಫರಿಗಳಲ್ಲಿ ಇಬ್ಬರು ಬಿಳಿ ದೀಪ ಹಾಕಿದರೆ ಮಾತ್ರ ಲಿಫ್ಟ್ ಲೆಕ್ಕಕ್ಕೆ ಬರುತ್ತೆ. ಸ್ಕ್ವಾಟ್‌ನಲ್ಲಿ ಆಳ ಒಂದಿಷ್ಟು ಕಮ್ಮಿ ಆದರೂ ಕೆಂಪು ದೀಪ. ಬೆಂಚ್‌ನಲ್ಲಿ ರಾಡ್ ಎದೆಯ ಮೇಲೆ ಅಲುಗಾಡದೆ ನಿಂತ ಮೇಲೆ "ಪ್ರೆಸ್" ಅನ್ನುತ್ತಾರೆ, ಆಮೇಲಷ್ಟೇ ಒತ್ತಬೇಕು. ಡೆಡ್‌ಲಿಫ್ಟ್‌ನಲ್ಲಿ "ಡೌನ್" ಅನ್ನುವವರೆಗೆ ಇಳಿಸುವಂತಿಲ್ಲ. ಎರಡು ತಿಂಗಳು ಮುಂಚಿನಿಂದಲೇ ಗೆಳೆಯರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಈ ಕೂಗು ಹಾಕಿಸಿ ಅಭ್ಯಾಸ ಮಾಡಿ. ಮೊದಲ ಅವಕಾಶಕ್ಕೆ ಜಿಮ್‌ನಲ್ಲಿ ಯಾವ ದಿನ ಬೇಕಾದರೂ 3 ರೆಪ್ ಎತ್ತಬಲ್ಲ ತೂಕ ಹೇಳಿ. ಎರಡನೆಯದಕ್ಕೆ ಇದುವರೆಗೆ ಎತ್ತಿದ ಗರಿಷ್ಠದ ಹತ್ತಿರ ಹೋಗಿ. ಹೊಸ ದಾಖಲೆಯ ಆಸೆ ಮೂರನೆಯದಕ್ಕೆ ಇರಲಿ.